ಹೊಸ ಪ್ರೊಸೆಸರಿಗೆ ಒಡೆದ ಕಾಯಿ

ರಾಯಚೂರಿನ ಆ ಬೀಜದ ಕಂಪನಿಯ ಹಳೆಯ ಕಂಪ್ಯೂಟರಿಗೆ ಅವಸರವೆಂಬುದೇ ಗೊತ್ತಿರಲಿಲ್ಲ. ಮಾನ್ವಿ ತಾಲೂಕಿನ ಬೆಳೆಗಾರರ ಪಟ್ಟಿ ಜೋಡಿಸಲು ಮೂರಕ್ಕೆ ಹಚ್ಚಿದರೆ ಮುಗಿಸುವುದು ಆರಕ್ಕೆ. ಅದರ ಮುಂದೆ ಕೂರುವ ಗುಮಾಸ್ತೆ ಶೇಖಮ್ಮ ಪಟ್ಟಿ ಮುಗಿಯದೆ ಏಳುವಂತಿಲ್ಲ; ಅವಳ ಬಸ್ಸು ಹೊರಡುವುದು ಐದೂವರೆಗೆ. ಅದು ತಪ್ಪಿದರೆ ಎಂಟರದ್ದೇ ಗತಿ. ಮಾನ್ವಿಯ ಮನೆ ಮುಟ್ಟುವಷ್ಟರಲ್ಲಿ ಮೂರು ವರ್ಷದ ಮಗಳು ನಿದ್ದೆ ಹೋಗಿರುತ್ತಿದ್ದಳು. ಬೆಳಗ್ಗೆ ಇವಳು ಹೊರಡುವಾಗಲೂ ಅದೇ ನಿದ್ದೆ. ಕೂಲಿನಾಲಿ ಮಾಡಿದ ಮನೆತನದ ಮೊದಲ ನೌಕರಿ ಇವಳದು, ಬಿಡುವಂತಿಲ್ಲ. ಆದರೆ ಮಗು ಅಜ್ಜಿಯನ್ನೇ ಅವ್ವ ಎಂದು ಕರೆಯತೊಡಗಿತ್ತು.

ಎಂಬತ್ತೆಂಟರ ಬೇಸಿಗೆಯಲ್ಲಿ ರಿಪೇರಿಗೆ ಬಂದ ವೆಂಕಟೇಶ ಅವಳ ಮುಖ ನೋಡಿ ಮರುಗಿದ. "ಅಕ್ಕಾರೀ, ನನ್ನ ಹತ್ರ ಒಂದು ಪ್ರೊಸೆಸರ್ ಉಳದದ. ಹಳೇದು ತಗದು ಇದನ್ನ ಕೂಡ್ಸಿದ್ರ ಮುಕ್ಕಾಲು ತಾಸು ಉಳೀತದ."

"ಸಾಹೇಬ್ರಿಗೆ ಹೇಳಬ್ಯಾಡ್ರಿ. ಸುಮ್ಮ ಹಾಕ್ರಿ."

ಹಳೆಯದನ್ನು ಮೀಟಿ ತೆಗೆದ. ಹೊಸದರ ನಲವತ್ತು ಲೋಹದ ಕಾಲುಗಳಲ್ಲಿ ಒಂದು ಸೊಟ್ಟಗಾಗಿತ್ತು; ಶೇಖಮ್ಮನ ತಲೆಪಿನ್ನಿನಿಂದ ನೆಟ್ಟಗೆ ಮಾಡಿ ಒತ್ತಿ ಕೂಡಿಸಿದ. ಅವತ್ತು ಪಟ್ಟಿ ಐದೂಕಾಲಿಗೇ ಮುಗಿಯಿತು. ಶೇಖಮ್ಮ ಓಡಿ ಬಸ್ಸು ಹಿಡಿದಳು. ಎಚ್ಚರವಿದ್ದ ಮಗಳು ಮೊದಲು ನಾಚಿದಳು, ಆಮೇಲೆ ತೊಡೆ ಏರಿ ಇವಳ ಕೈಯಿಂದಲೇ ಉಂಡಳು.

ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಆದರೆ ನಮ್ಮವರಿಗೆ ಕಾಯಿ ಒಡೆಯದೆ ಸಂತೋಷ ಅರಗುವುದಿಲ್ಲ ನೋಡಿ. "ಯಂತ್ರಕ್ಕ ಹೊಸ ಸಾಮಾನು ಹಾಕೀರಿ, ಕಣ್ಣು ಬಿದ್ದೀತು. ಒಂದು ಕಾಯಿ ಒಡದುಬಿಡು" ಎಂದಳು ತಾಯಿ ಮಾನಮ್ಮ. ಮರುದಿನ ಶೇಖಮ್ಮ ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಹೊಸ್ತಿಲಲ್ಲಿ ಕಾಯಿ ಒಡೆದು, ಎಲ್ಲರಿಗೂ ಚೂರು ಹಂಚಿದಳು. ಮ್ಯಾನೇಜರ್ ಸಿದ್ದರಾಮಪ್ಪನವರನ್ನು ಬಿಡಲಾದೀತೇ?

"ಏನ್ ವಿಶೇಷ್ರೀ?"

ಪ್ರಸಾದ ಹಿಡಿದ ಕೈಯಲ್ಲಿ ಸುಳ್ಳು ಹೇಳುವುದು ಅವಳಿಂದ ಆಗಲಿಲ್ಲ. ಇದ್ದದ್ದು ಇದ್ದಂತೆ ಹೇಳಿದಳು.

ಅವರು ಕೊಬ್ಬರಿ ಅಗಿಯುತ್ತ ಮನಸಾರೆ ಹಿಗ್ಗಿದರು. "ಭಾಳ ಚಲೋ ಆತು. ದೇವದುರ್ಗದ ಪಟ್ಟಿ ಇನ್ನೂ ಕೈಯಾಗ ಬರೀತಾರ. ಇವತ್ತಿಂದ ಅದನ್ನೂ ಇದಕ್ಕ ಹಾಕಿಬಿಡ್ರಿ."

ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಂಡಿದ್ದಳು. ಎರಡು ತಾಲೂಕು ಮುಗಿಯುವಾಗ ಏಳೂವರೆ. ಮತ್ತೆ ಎಂಟರ ಬಸ್ಸು.

ಮರುದಿನ ಬೆಳಗ್ಗೆ ಮಾನಮ್ಮ ರೊಟ್ಟಿ ಕಟ್ಟಿಕೊಡುತ್ತ, ಮಲಗಿದ್ದ ಮಗುವಿನ ಕಡೆ ನೋಡಿ ಮೆಲ್ಲಗೆ ಹೇಳಿದಳು: "ನಿನ್ನಿ ಭಾಳ ಹೊತ್ತು ಕಾದಳವ್ವಾ. ಮೊನ್ನಿ ಬಂದು ಉಣ್ಸಿದ ಅಕ್ಕ ಮತ್ತ ಯಾವಾಗ ಬರ್ತಾಳ ಅಂತ ಕೇಳಿದಳು."