ಕಾಟಾ ಕೋಣೆಯ ಮಾನಿಟರ್

ಕಂಪ್ಲಿಯ ಜಡೆಪ್ಪನವರ ಅಕ್ಕಿ ಗಿರಣಿಯಲ್ಲಿ ಭತ್ತದ ಟ್ರ್ಯಾಕ್ಟರ್ ತೂಗುವ ಕಾಟಾ ಕೋಣೆಯನ್ನು ಸೊಸೆ ಶಾಂಭವಿ ನೋಡಿಕೊಳ್ಳುತ್ತಿದ್ದಳು. ಮನೆಯ ಹೊರಗೆ ಅವಳಿಗಿದ್ದದ್ದು ಆ ಒಂದು ಕುರ್ಚಿ. ಅಲ್ಲಿನ ಕಂಪ್ಯೂಟರ್ ಅವಳು ಮದುವೆಯಾಗಿ ಬರುವುದಕ್ಕಿಂತ ಹಳೆಯದು.

ಅದರ ಮಾನಿಟರ್ ಸುಟ್ಟುಹೋಗಿ, ಗಂಡ ತಿಪ್ಪೇಶ್ ಹೊಸಪೇಟೆಯಿಂದ ಅಗಲದ್ದೊಂದನ್ನು ತಂದ. ಅಂದಿನಿಂದ ಬೆಳಿಗ್ಗೆ ಅಕ್ಷರಗಳು ಊದಿಕೊಂಡು, ತೂಕದ ಚೀಟಿ ತೆಗೆಯುವ ಬಟನ್ ಪರದೆಯ ಕೆಳಗೆಲ್ಲೋ ಮರೆಯಾಗುತ್ತಿತ್ತು. ಹೊರಗೆ ಟ್ರ್ಯಾಕ್ಟರ್‌ಗಳು ಸಾಲುಗಟ್ಟುತ್ತಿದ್ದವು. ಹೆಂಗಸರ ಕೈಗೆ ಇದು ಬಗ್ಗುವುದಿಲ್ಲ, ಸೋಮವಾರದಿಂದ ಗೋದಾಮಿನ ಆಳು ಮೌನೇಶ್ ಕೂರುತ್ತಾನೆ ಎಂದ ತಿಪ್ಪೇಶ್.

ಶನಿವಾರ ಕರೆಂಟ್ ಹೋಗಿ ಬಂದ ಮೇಲೆ ಶಾಂಭವಿಯೇ ಕಂಪ್ಯೂಟರ್ ಚಾಲೂ ಮಾಡಿದಳು; ಮಾನಿಟರಿನ ಸ್ವಿಚ್ ಆಗಲೇ ಹಾಕಿಯೇ ಇತ್ತು. ಎಲ್ಲ ಸರಿಯಾಗಿತ್ತು. ಬೆಳಿಗ್ಗೆ ಚಾಲೂ ಮಾಡುವವರು ಮಾವ ಜಡೆಪ್ಪ. ಗಿರಣಿಯ ಮೋಟಾರಿನಂತೆ ಅದನ್ನೂ ಮೊದಲು ಖಾಲಿ ಓಡಲು ಬಿಟ್ಟು, ವಿಭೂತಿ ಹಚ್ಚಿ, ದೀಪ ಬೆಳಗಿದ ಮೇಲಷ್ಟೇ ಮಾನಿಟರಿನ ಸ್ವಿಚ್ ಹಾಕುತ್ತಿದ್ದರು. ಮಾನಿಟರ್ ಮಾರಿದ ಹಂಪೇಶನಿಗೆ ಅವಳು ಫೋನ್ ಮಾಡಿದಳು. ಹಳೇ ಕಂಪ್ಯೂಟರ್ ಚಾಲೂ ಆಗುವಾಗ ನಿನ್ನ ಅಳತೆ ಎಷ್ಟು ಎಂದು ಮಾನಿಟರನ್ನು ಒಮ್ಮೆ ಕೇಳುತ್ತದೆ, ಉತ್ತರ ಬರದಿದ್ದರೆ ತೀರ ಚಿಕ್ಕದೆಂದು ಹಿಡಿಯುತ್ತದೆ, ಮತ್ತೆ ಕೇಳುವುದಿಲ್ಲ ಎಂದು ಅವನು ತಿಳಿಸಿದ.

ಫೋನ್ ಇಟ್ಟಾಗ ಅವಳಿಗೆ ಹಳೆಯದೊಂದು ನೆನಪಾಯಿತು. ಈ ಮನೆಗೆ ಬಂದ ಹೊಸತರಲ್ಲಿ ಅತ್ತೆ ನೀಲಗಂಗಮ್ಮ, ನಿನಗೆ ಏನೇನು ಬರುತ್ತದೆ ಎಂದು ಕೇಳಿದ್ದರು. ಹೊಸ ಸೊಸೆ ಬಾಯಿ ಬಿಡಬಾರದೆಂದು ತಲೆ ತಗ್ಗಿಸಿ ನಿಂತಿದ್ದಳು. ಆಮೇಲೆ ಯಾರೂ ಕೇಳಲಿಲ್ಲ.

ಸೋಮವಾರ ಮೌನೇಶ್ ಬಾಗಿಲಲ್ಲೇ ನಿಂತಿದ್ದ. ಕಂಪ್ಯೂಟರಿಗಿಂತ ಮಾನಿಟರ್ ಮೊದಲು ಹಚ್ಚಬೇಕು ಎಂದು ಶಾಂಭವಿ ಮಾವನಿಗೆ ಹೇಳಿದಳು.

"ದೀಪಕ್ಕಿಂತ ಮೊದ್ಲ ಇನ್ನೊಂದು ಬೆಳಕು ಹೆಂಗ ಹಚ್ಚೋದವ್ವ?"

"ಬ್ಯಾಡ್ರಿ ಮಾವಾರ. ಪೂಜಿ ಮುಗೀಲಿ. ಆಮ್ಯಾಲ ಮಾನಿಟರ್, ಅದರ ಹಿಂದ ಕಂಪ್ಯೂಟರ್."

ಹಾಗೇ ಮಾಡಿದರು. ಬಟನ್ ತನ್ನ ಜಾಗದಲ್ಲಿತ್ತು.

ತಿಪ್ಪೇಶ್ ನಕ್ಕ. "ಇಷ್ಟ ಏನು? ಇದನ್ನ ಮೌನೇಶನೂ ಮಾಡ್ತಾನ."

"ಮಾಡ್ತಾನ್ರಿ," ಎಂದಳು ಶಾಂಭವಿ. "ಆದ್ರ ಈ ಕುರ್ಚಿ ನನಗ ಬೇಕು. ಬಿಡಂಗಿಲ್ಲ."

ಇಂಥ ಮಾತನ್ನು ಅವಳು ಆ ಮನೆಯಲ್ಲಿ ಯಾರೆದುರೂ ಆಡಿರಲಿಲ್ಲ. ತಿಪ್ಪೇಶ್ ಅಪ್ಪನ ಮುಖ ನೋಡಿದ. ಜಡೆಪ್ಪ ಕೈಯ ವಿಭೂತಿ ಒರೆಸಿಕೊಳ್ಳುತ್ತ, ತೌಡಿನ ಗೋದಾಮಿಗೆ ಹೋಗು ಎಂದು ಮೌನೇಶನಿಗೆ ಹೇಳಿದರು.

ಶಾಂಭವಿ ಕುರ್ಚಿ ಎಳೆದುಕೊಂಡು ಕೂತು, ಮೊದಲ ಟ್ರ್ಯಾಕ್ಟರ್ ಬಿಡಿ ಎಂದು ಕಿಟಕಿಯಿಂದ ಕೈ ಬೀಸಿದಳು.