ಹನ್ನೊಂದು ನಿಮಿಷ ಚಿಕ್ಕವಳ ಕೆನ್ನೆ

ಎಲ್ಲಿಂದ ಶುರು ಮಾಡಲಿ? ಕೆನ್ನೆಯಿಂದಲೋ, ಕೊಟ್ಟ ಮಾತಿನಿಂದಲೋ? ಮಾತಿನಿಂದಲೇ ಆಗಲಿ. ಕೆನ್ನೆ ಇಳಿದದ್ದು ಆಮೇಲೆ.

೧
ಹತ್ತನೇ ವಯಸ್ಸಿನಲ್ಲಿ ಅವಳಿ ಅಕ್ಕತಂಗಿ ಮಾತು ಕೊಟ್ಟುಕೊಂಡಿದ್ದರು: ಮುಖಕ್ಕೆ ಏನೇ ಮಾಡಿಸಿಕೊಂಡರೂ ಇಬ್ಬರೂ ಮಾಡಿಸಿಕೊಳ್ಳಬೇಕು. ಅಕ್ಕನ ಹಲ್ಲಿಗೆ ತಂತಿ ಬಿದ್ದಾಗ, ನೆಟ್ಟಗಿದ್ದ ಹಲ್ಲಿನ ತಂಗಿ ಅತ್ತು ಕರೆದು ತನಗೂ ಹಾಕಿಸಿಕೊಂಡಳು.

೨
(ನಡುವಿನ ಮೂವತ್ತೆಂಟು ವರ್ಷ ಬರೆದಿದ್ದೆ. ಓದಿದರೆ ನನಗೇ ಆಕಳಿಕೆ. ಹರಿದು ಹಾಕಿದೆ.)

ಈಗ ಇಬ್ಬರೂ ಸೇರಿ ಕನ್ನಡಕದ ಅಂಗಡಿ ನಡೆಸುತ್ತಾರೆ. ಎತ್ತ ತಿರುಗಿದರೂ ಕನ್ನಡಿ. ಅಕ್ಕನ ಕೆನ್ನೆ ಇದ್ದಲ್ಲೇ ಇದೆ, ತಂಗಿಯದು ಒಳಕ್ಕೆ ಹೋಗಿದೆ. ಮೊನ್ನೆ ಗಿರಾಕಿಯೊಬ್ಬರು ಅಕ್ಕನನ್ನು, "ಇವತ್ತು ನಿಮ್ಮ ತಾಯಿ ಬಂದಿಲ್ವಾ?" ಎಂದು ವಿಚಾರಿಸಿದರು. ಆ 'ತಾಯಿ' ಹಿಂದಿನ ಮೇಜಿನಲ್ಲಿ ಫ್ರೇಮಿನ ತಿರುಪು ಬಿಗಿಮಾಡುತ್ತಿದ್ದಳು. ಹನ್ನೊಂದು ನಿಮಿಷ ಚಿಕ್ಕವಳು!

೩
ತಂಗಿ ಹೋಗಿ ಕಂಡ ಚರ್ಮದ ಡಾಕ್ಟರಮ್ಮ ಎರಡು ದಾರಿ ಹೇಳಿದರು. ಚರ್ಮದಡಿ ಜೆಲ್ ತುಂಬುವ ಫಿಲ್ಲರ್ ಆದರೆ ಇವತ್ತು ಚುಚ್ಚಿದರೆ ಇವತ್ತೇ ಕೆನ್ನೆ. ವರ್ಷದ ಆಸುಪಾಸು ಇರುತ್ತದೆ, ಬೇಡವೆನಿಸಿದರೆ ಕರಗಿಸಲೂಬಹುದು. ಚರ್ಮವನ್ನು ಬಿಗಿಯಾಗಿಡುವ ಕೊಲಾಜೆನ್ ಅನ್ನು ಒಳಗೇ ಬೆಳೆಸುವ ಇಂಜೆಕ್ಷನ್ ಆದರೆ ಹಾಲಿಗೆ ಹೆಪ್ಪು ಹಾಕಿದ ಹಾಗೆ: ಎರಡು ಮೂರು ಸಲ ಬರಬೇಕು, ತಿಂಗಳುಗಟ್ಟಲೆ ಕಾಯಬೇಕು, ಹಿಂದಕ್ಕೆ ಬರುವ ದಾರಿಯಿಲ್ಲ. ತುಂಬಿಕೊಳ್ಳುವ ಕೆನ್ನೆ ಮಾತ್ರ ಸ್ವಂತದ್ದು.

ನಾನು ಫಿಲ್ಲರ್ ಬರೆದೆ. ಕಥೆಗೆ ಅದೇ ಸಲೀಸು, ಒಂದೇ ಪ್ಯಾರಾದಲ್ಲಿ ಮುಗಿಯುತ್ತದೆ.

"ನಿಮಗೆ ಬೇಗ ಮುಗಿಸೋ ಚಪಲ, ಮುಖ ನಂದು" ಎಂದಳು ತಂಗಿ.

(ಸರಿ, ಹೊಡೆದು ಹಾಕಿದೆ.)

೪
ಏನು ಕಳೆದಿದೆ ಎಂದು ತಿಳಿಯಲು ಡಾಕ್ಟರಮ್ಮ ಹಳೇ ಫೋಟೊ ಕೇಳಿದರು. ತನ್ನದೆಂದು ಇಪ್ಪತ್ತು ವರ್ಷದಿಂದ ಪರ್ಸಿನಲ್ಲಿಟ್ಟುಕೊಂಡಿದ್ದನ್ನು ತಂಗಿ ಕೊಟ್ಟಳು. ಅದನ್ನು ನೋಡಿಕೊಂಡೇ ಅವರು ಅವಳ ಕೆನ್ನೆಯ ಮೇಲೆ ಬಿಳಿ ಪೆನ್ಸಿಲಿನಲ್ಲಿ ಗುರುತು ಹಾಕತೊಡಗಿದರು. ಜೊತೆಗೆ ಬಂದಿದ್ದ ಅಕ್ಕ ಬಗ್ಗಿ ನೋಡಿದಳು.

"ಪುಟ್ಟಿ, ಇದು ನಾನು ಕಣೇ. ಎಡಗೈಲಿ ಪೆನ್ನು ಹಿಡಿದಿದೀನಿ ನೋಡು."

ತಂಗಿ ಹತ್ತಿ ತೆಗೆದುಕೊಂಡು ಗುರುತುಗಳನ್ನು ತಾನೇ ಒರೆಸಿದಳು. ಇಷ್ಟು ದಿನ ಯಾರ ಕೆನ್ನೆಗೆ ಹಂಬಲಿಸಿದ್ದು?

೫
ಮುಕ್ತಾಯ ಒಂದು: ಇಬ್ಬರೂ ನಕ್ಕು ಮನೆಗೆ ಹೋಗುತ್ತಾರೆ. (ಸುಳ್ಳು. ನಕ್ಕದ್ದು ಅಕ್ಕ ಒಬ್ಬಳೇ.)

ಮುಕ್ತಾಯ ಎರಡು: ಮಾತಿಗೆ ಕಟ್ಟುಬಿದ್ದು ಅಕ್ಕನೂ ಕುರ್ಚಿ ಏರುತ್ತಾಳೆ. ಇದು ನಡೆಯುವುದರಲ್ಲಿತ್ತು. ಸೂಜಿ ಕಂಡರೆ ಹೆದರಿ ಸಾಯುವ ಅಕ್ಕ, ಮಾತು ಅಂದರೆ ಮಾತು ಎಂದು ತೋಳೇರಿಸಿಯೂ ಆಗಿತ್ತು. ಚುಚ್ಚುವುದು ಕೆನ್ನೆಗೆ ಎಂದು ಡಾಕ್ಟರಮ್ಮ ನೆನಪಿಸಬೇಕಾಯಿತು.

"ಬೇಡ ಅಕ್ಕ. ಕೊಲಾಜೆನ್ದೇ ಹಾಕಿಸ್ಕೋತೀನಿ, ಒಬ್ಬಳೇ. ನಿನ್ನ ಥರ ಬರದಿದ್ರೂ ಪರವಾಗಿಲ್ಲ. ನಂದು ಹೆಂಗಿರತ್ತೋ ನೋಡ್ಬೇಕು."

ಹೇಗೆ ಬಂತು ಎಂದು ನನ್ನನ್ನು ಕೇಳಬೇಡಿ. ತಿಂಗಳುಗಟ್ಟಲೆ ಕಾಯುವ ಕೆಲಸ ಅವಳದು. ಈ ಪುಟಕ್ಕೆ ಅಷ್ಟು ಪುರಸೊತ್ತಿಲ್ಲ. ಅಕ್ಕ ಹೊರಗಿನ ಬೆಂಚಿನಲ್ಲಿ ಕೂತಳು. ಒಳಗೆ ತಂಗಿ ಒಬ್ಬಳೇ ಚುಚ್ಚಿಸಿಕೊಂಡಳು.

ಮಾತು ಮುರಿಯಿತು.