ಗೋಣಿ ಹೊದ್ದ ಪ್ಯಾನೆಲ್ಲು

“ಬ್ಯಾಟ್ರಿ ಸತ್ತೋಗೈತೆ ಮಿಸ್,” ಎಂದಳು ಏಳನೇ ಕ್ಲಾಸಿನ ನೇತ್ರಾವತಿ, ಸ್ವಿಚ್ಚನ್ನು ನಾಲ್ಕನೇ ಸಲ ಒತ್ತಿ.

ವಿಜ್ಞಾನದ ಟೀಚರು ಅಖ್ತರ್ ಬಾನುಗೆ ಅದು ಗೊತ್ತಿತ್ತು. ಹುತ್ರಿದುರ್ಗದ ಬುಡದ ಈ ಶಾಲೆಗೆ ಸೋಲಾರ್ ಬಂದು ಹತ್ತು ತಿಂಗಳಾಗಿತ್ತು. ಉದ್ಘಾಟನೆಗೆ ಮುಂಚೆ ಬಳಸಿದರೆ ಶಿಕ್ಷಣ ಇಲಾಖೆಯ ಸಾಹೇಬರು ಮುನಿದಾರೆಂದು ಹೆಡ್‌ಮಾಸ್ಟರ್ ಗಂಗಹನುಮಯ್ಯ ಅವತ್ತೇ ಪ್ಯಾನೆಲ್ಲಿಗೆ ಗೋಣಿಚೀಲ ಹೊದಿಸಿ ಕಟ್ಟಿಸಿದ್ದರು. ಬಿಸಿಲು ಬೀಳದಿದ್ದರೆ ಬ್ಯಾಟರಿ ಕೆಡುತ್ತದೆಂದು ಅವಳು ಎರಡು ಸಲ ಹೇಳಿದ್ದಳು. “ಹೊಸಾ ಸಾಮಾನು, ಸುಮ್ನೆ ಕೂತ್ರೆ ಯಾಕ್ರೀ ಕೆಡ್ತದೆ?” ಎಂದಿದ್ದರು ಅವರು. ಅಷ್ಟೂ ದಿನ ಮಕ್ಕಳು ಸೌರಶಕ್ತಿಯನ್ನು ಬೋರ್ಡಿನ ಮೇಲೆ ಕಲಿತಿದ್ದವು.

ಇವತ್ತು ಹನ್ನೊಂದಕ್ಕೆ ಉದ್ಘಾಟನೆಗೆ ಸಾಹೇಬರು ಬರುವವರಿದ್ದರು. ಗಂಗಹನುಮಯ್ಯ ತಾವೇ ಸ್ಟೂಲು ಹತ್ತಿ, ಕರೆಂಟಿನ ಬೋರ್ಡಿನಿಂದ ಕಿಟಕಿಯ ಹಿಂದೆ ವೈರು ಎಳೆದು, ನಲವತ್ತು ವಾಟಿನ ಬಲ್ಬೊಂದನ್ನು ಸಿಕ್ಕಿಸಿದರು.

“ಮಕ್ಕಳು ನೋಡ್ತಿದಾರೆ ಸಾರ್.”

“ನೋಡ್ಲಿ ಬಿಡಮ್ಮ. ಸೂರ್ಯಂದೋ ಕಂಬದ್ದೋ ಅಂತ ಬಲ್ಬಿನ ಹಣೇಲಿ ಬರ್ದಿರ್ತದಾ?” ಅವರು ಕೆಳಗಿಳಿದು ದನಿ ತಗ್ಗಿಸಿದರು. “ನಿಮ್ ಟ್ರಾನ್ಸ್‌ಫರ್ ಅರ್ಜಿ ನನ್ ಟೇಬಲ್ ಮೇಲೇ ಐತೆ. ನಾಳೆ ನಾನು ಸೈನ್ ಹಾಕ್ಬೇಕು.”

ತುಮಕೂರಿನ ಮರಳೂರಲ್ಲಿ ನಾಲ್ಕು ವರ್ಷದ ಮಗಳು ಅರ್ಜೂ ಏಳುವ ಮುಂಚೆಯೇ ಅವಳು ದಿನಾ ಬಸ್ಸು ಹತ್ತಬೇಕಿತ್ತು. ಅಖ್ತರ್ ಬಾನು ನೇತ್ರಾವತಿಯ ಜಡೆಯ ರಿಬ್ಬನ್ನು ಬಿಚ್ಚಿ ಮತ್ತೆ ಕಟ್ಟಿದಳು.

“ಬರ್ಕೊಟ್ಟಿದ್ದನ್ನೇ ಹೇಳು. ಸೂರ್ಯನ ಬಿಸಿಲಿಂದ ಉರೀತಿದೆ ಅಂತ.”

“ಉರೀತಿಲ್ವಲ್ಲ ಮಿಸ್.”

“ಹೇಳು ಅಂದ್ನಲ್ಲ.”

ಸಾಹೇಬರ ಮುಂದೆ ಹುಡುಗಿ ಒಂದಕ್ಷರ ತಪ್ಪದೆ ಹೇಳಿದಳು. ಬಲ್ಬು ಹತ್ತಿತು. ಚಪ್ಪಾಳೆ ಬಿತ್ತು. ಸಾಹೇಬರು ತಮ್ಮ ಜೇಬಿನ ಪೆನ್ನನ್ನೇ ತೆಗೆದು ಅವಳ ಕೈಗಿಟ್ಟು ಫೋಟೊಗೆ ನಿಂತರು.

ಮರುದಿನ ಸೈನೂ ಬಿತ್ತು. ಅರ್ಜಿಯನ್ನು ಬ್ಯಾಗಿಗೆ ಹಾಕಿಕೊಂಡು ಅಖ್ತರ್ ಬಾನು ಏಳನೇ ಕ್ಲಾಸಿಗೆ ಬಂದಳು. ಹಳೆಯ ರೂಢಿಯಲ್ಲಿ, “ಎಷ್ಟು ಬಳಸಿದರೂ ಮುಗಿಯದ ಶಕ್ತಿ ಯಾವುದು?” ಎಂದಳು. ಎಂದಿನಂತೆ ಒಕ್ಕೊರಲಿನ ಕೂಗು ಏಳಲಿಲ್ಲ. ಮಕ್ಕಳೆಲ್ಲ ನೇತ್ರಾವತಿಯ ಕಡೆ ತಿರುಗಿದವು. ಅವಳು ಎದ್ದು ನಿಂತಳು. ಮುಖದಲ್ಲಿ ಕೊಂಕಿರಲಿಲ್ಲ. ಪೆನ್ನು ಇನ್ನೂ ಕೈಯಲ್ಲೇ ಇತ್ತು.

“ಯಾವ್ದು ಹೇಳ್ಬೇಕು ಮಿಸ್?”

ತಾರಸಿಯ ಮೇಲೆ ಹೆಜ್ಜೆ ಸಪ್ಪಳವಾಯಿತು. ಧೂಳು ಕೂರದಿರಲೆಂದು ಪ್ಯಾನೆಲ್ಲಿಗೆ ಮತ್ತೆ ಗೋಣಿ ಹೊದಿಸುತ್ತಿದ್ದರು. ಹಗ್ಗದ ಒಂದು ತುದಿ ಕಿಟಕಿಯ ಮುಂದೆ ಇಳಿಬಿದ್ದು, ತುಸು ತೂಗಾಡಿ, ಸರ್ರನೆ ಮೇಲೆ ಹೋಯಿತು.